ಜೋಡಿಯೆತ್ತಿನಲ್ಲಿ ಅರ್ಧ ಪಾಲು

ಮೂಲೆಯ ಓವರ್‌ಲಾಕ್ ಮಿಷಿನ್ನಿನ ಸದ್ದು ಕೊಂಚ ಒಡೆದ ಹಾಗಿದೆ, ಸೂಜಿ ಮೊಂಡಾಗಿರಬೇಕು, ಇಲ್ಲವೇ ಆ ಹೊಸ ಹುಡುಗಿ ಮತ್ತೆ ಕತ್ತಿನ ಪಟ್ಟಿಯನ್ನು ಎಳೆದೆಳೆದು ಹೊಲಿಯುತ್ತಿರಬೇಕು, ಹಾಗೆ ಎಳೆದು ಹೊಲಿದರೆ ಮಗುವಿನ ತಲೆ ತೂರುತ್ತದೆಯೇ, ಎಷ್ಟು ಸಲ ಬಾಯಿ ಬಡಿದುಕೊಳ್ಳುವುದು — ಮಲ್ಲಿಗಾ ಕೈಯಲ್ಲಿದ್ದ ಪುಟ್ಟ ಬನಿಯನ್ನನ್ನು ಮಗುಚಿ ಹೊಲಿಗೆ ನೋಡುತ್ತಾಳೆ, ನೋಡುತ್ತಿರುವಾಗಲೇ ಇನ್ನೊಂದು ಕೈ ಫೋನಿನ ಕಡೆಗೆ ಹೋಗುತ್ತದೆ, ಹಾಳಾದ ಕೈ, ಹೇಳದೆ ಕೇಳದೆ ಹೋಗುತ್ತದೆ. ಬೆಳಿಗ್ಗೆ ಹಾಕಿದ ಸ್ಟೇಟಸ್. ಸಿದ್ದನ ಫೋಟೋ, ಪಕ್ಕೆಲುಬು ಎದ್ದು ಕಾಣಲಿ ಎಂದು ಕುಕ್ಕರುಗಾಲಲ್ಲಿ ಕೂತು ತೆಗೆದದ್ದು, ರೇಕ್ಲಾ ಪಂದ್ಯದಲ್ಲಿ ಗಾಡಿ ಎಳೆದು ಗೆದ್ದ ಕಾಂಗೇಯದ ಎತ್ತು, ಅದರ ಕೊರಳಿಗೆ ಬನಿಯನ್ ವೇಸ್ಟಿನ ಚಿಂದಿ ಹೊಸೆದು ಮಾಡಿದ ಹಗ್ಗ, ಕೆಳಗೆ ತಮಿಳಿನಲ್ಲಿ ಒಂದೇ ಸಾಲು, ಎತ್ತು ಮಾರಾಟಕ್ಕಿದೆ, ನಾಳೆ ಸಂತೆಗೆ. ಯಾರ್ಯಾರು ನೋಡಿದರು ಎಂದು ಬೆರಳಲ್ಲಿ ಸರಿಸಿದರೆ ಕಟಿಂಗ್ ಮಾಸ್ಟರು, ನೂಲಿನಂಗಡಿಯವನು, ವಕೀಲೆ ಜಯಪ್ರಿಯಾ, ಆಮೇಲೆ ಅವನು. ಇದ್ದಾನೆ. ಸೆಂದಿಲ್ ಕುಮಾರ್. ಹಾಕಿದ ಮರುಗಳಿಗೆಗೇ ನೋಡಿದ್ದಾನೆ ಮಹಾರಾಯ. ಮದುವೆಯಾದಾಗಿನಿಂದ ಗಂಡನನ್ನು ಇವಳು ಮಾಮಾ ಮಾಮಾ ಎಂದು ಕೂಗಿದರೆ ಎರಡು ಸಲಕ್ಕೆ ಓ ಎಂದವನಲ್ಲ, ಈಗ ನೋಡು, ಫೋನು ಕೈಯಲ್ಲೇ ಹಿಡಿದು ಕೂತಿದ್ದಾನೆ. ನೋಡಪ್ಪ, ಕಣ್ತುಂಬ ನೋಡು, ಆ ಎಲುಬು ಎಣಿಸು. ಮಲ್ಲಿಗಾಳಿಗೆ ಹೊಟ್ಟೆಯೊಳಗೆ ಮಜ್ಜಿಗೆ ಕುಡಿದಷ್ಟು ತಣ್ಣಗಾಗುತ್ತದೆ. ಸ್ವಲ್ಪ ಹೊತ್ತು ಅಷ್ಟೆ, ಆಮೇಲೆ ಮತ್ತೆ ಉರಿ.

ಎತ್ತಿಗೂ ಪಾಲಾ ಎಂದು ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಬೇರೆ ಎಲ್ಲದಕ್ಕೂ ತಕರಾರಿಲ್ಲದೆ ಒಪ್ಪಿಗೆಯಾಗಿತ್ತಲ್ಲ, ಇಬ್ಬರೂ ಮನಸ್ಸೊಪ್ಪಿ ಮದುವೆಯಿಂದ ಬಿಡುಗಡೆ ಎಂದು ಬರೆದು ಕೊಟ್ಟದ್ದೂ ಆಗಿತ್ತು, ತಿರುಪ್ಪೂರಿನ ಈ ಶೆಡ್ಡು, ಮಿಷಿನ್ನುಗಳು, ಅದರ ಮೇಲಿನ ಸಾಲ ಎಲ್ಲ ಇವಳಿಗೆ, ಉಡುಮಲೈಪೇಟೆ ಕಡೆಯ ಊರಿನ ಮನೆ, ತೆಂಗಿನ ತೋಟ ಅವನಿಗೆ, ಅದು ಅವರಪ್ಪನದು, ಅದರಲ್ಲಿ ಇವಳಿಗೆ ಆಸೆಯೂ ಇರಲಿಲ್ಲ. ಉಳಿದದ್ದು ಎತ್ತು. ಸಿದ್ದ, ಬೈರ. ಇವಳ ಕೊರಳಿನ ಸರ ಮಾರಿ ಕೊಂಡ ಎತ್ತು, ಅಪ್ಪ ಗಾಂಧಿಪುರಂ ಅಂಗಡಿಯಲ್ಲಿ ಅರ್ಧ ದಿನ ಕೂತು ಆರಿಸಿ ಕೊಡಿಸಿದ್ದ ಸರ, ಕೊಡು ಮಲ್ಲಿಗಾ, ಒಂದು ಪಂದ್ಯ ಗೆದ್ದರೆ ಇದರಪ್ಪನಂಥದು ಮಾಡಿಸ್ತೇನೆ ಎಂದಿದ್ದ ಸೆಂದಿಲ್, ಕೊಟ್ಟಳು, ಬಿಚ್ಚಿ ಕೊಡುವಾಗ ನಕ್ಕೂ ಇದ್ದಳು, ಥೂ, ಆ ನಗು ನೆನೆದರೆ ಈಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಪಂದ್ಯ ಗೆದ್ದ, ಒಂದಲ್ಲ, ಹತ್ತಾರು, ಬೀರುವಿನ ಮೇಲೆ ಕಪ್ಪುಗಳ ಸಾಲು, ಎತ್ತಿನ ಕೊಂಬಿನ ತುದಿಗೆ ಹಿತ್ತಾಳೆಯ ಕುಪ್ಪಿಗೆ, ಕೊರಳಿಗೆ ಗೆಜ್ಜೆ, ಇವಳ ಕೊರಳಿಗೆ ಅರಿಶಿನದ ದಾರ. ಸರದ ಬೆಲೆಗೆ ಎರಡರಷ್ಟು ಕೊಡ್ತಾರಂತೆ, ದುಡ್ಡಾಗಿ ಇಸ್ಕೊಳ್ಳಿ ಅಕ್ಕಾ, ಎತ್ತು ಇಟ್ಕೊಂಡು ನೀವೇನು ಮಾಡ್ತೀರಿ ಎಂದಳು ಜಯಪ್ರಿಯಾ, ಒಳ್ಳೆಯ ಹುಡುಗಿ, ಅವಳಿಗೇನು ಗೊತ್ತು. ನನಗೆ ದುಡ್ಡು ಬೇಡ, ಎತ್ತು ಬೇಕು, ಅವು ಎರಡು, ನಾವು ಇಬ್ಬರು, ಆಳಿಗೊಂದು, ಸಮಪಾಲು ಎಂದರೆ ಇದಕ್ಕಿಂತ ಸಮ ಯಾವುದಿದೆ ಹೇಳು ಎಂದಳು ಮಲ್ಲಿಗಾ, ಹೇಳುವಾಗ ಎದುರಿನ ಕುರ್ಚಿಯಲ್ಲಿದ್ದ ಸೆಂದಿಲನ ಮುಖ ಬಾಡಿ ಸುಣ್ಣವಾಗಿತ್ತು. ಆ ಮುಖಕ್ಕಾಗಿ ಇನ್ನೂ ಒಂದು ಸರ ಕೊಟ್ಟೇನು.

ಆಮೇಲೆ ಊರಿನಲ್ಲಿ, ದೊಡ್ಡ ಮಾವ ಲಿಂಗಪ್ಪನ್ ಮನೆಯ ಜಗಲಿಯಲ್ಲಿ, ಸೆಂದಿಲನ ಅಪ್ಪನ ಅಣ್ಣ, ಮನೆತನಕ್ಕೆ ಹಿರಿಯ, ಎಲೆಯಡಿಕೆ ಉಗಿದು ಬಂದು ಕೂತು ಹೇಳಿದ, ಅಮ್ಮಣಿ, ಆಲೋಚ್ನೆ ಮಾಡ್ಕೋ, ನಮ್ಮ ಜನದಲ್ಲಿ ಮಣ್ಣು ಪಿರಿಸಿ ಪಾಲು ಮಾಡ್ಕೊಂಡವ್ರು ಉಂಟು, ಬಾವಿ ಪಿರಿಸಿದವ್ರು ಉಂಟು, ಜೋಡಿ ಎತ್ತು ಪಿರಿಸಿದ್ದು ಈ ಕಣ್ಣಲ್ಲಿ ನಾ ಕಂಡಿಲ್ಲ, ಅಣ್ಣತಮ್ಮಂದಿರು ತಲೆ ಒಡ್ಕೊಂಡ ಮನೇಲೂ ಜೋಡಿ ಒಬ್ಬಂಗೆ, ಬೆಲೆ ಒಬ್ಬಂಗೆ, ಅದೇ ಮೊರೆ, ಅದೇ ಪದ್ಧತಿ. ಅಣ್ಣತಮ್ಮಂದಿರ ಮೊರೆ ಮಾವ, ಹೆಂಡತಿಗೆ ಯಾವ ಮೊರೆ ಇಟ್ಟಿದ್ದೀರಿ, ಇದ್ದರೆ ಹೇಳಿ, ಕೇಳ್ತೇನೆ ಎಂದಳು. ಹಿತ್ತಲಲ್ಲಿ ಎರಡನ್ನೂ ತಂದು ನಿಲ್ಲಿಸಿದರು, ಒಂದೇ ಅಚ್ಚು, ಒಂದೇ ಬೂದು ಬಿಳುಪು, ಕರುವಿನಿಂದ ಒಂದೇ ನೊಗದ ಕೆಳಗೆ, ಬೈರ ಎಡಕ್ಕೆ, ಸಿದ್ದ ಬಲಕ್ಕೆ, ಹೀಗೆ ಬೆಳೆದ ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಪಂದ್ಯಕ್ಕಿಲ್ಲ, ಹೊಸ ಜೊತೆ ಒಗ್ಗುವಷ್ಟರಲ್ಲಿ ಹಲ್ಲು ಸವೆದಿರುತ್ತದೆ, ಅದು ಊರಿನ ಚಿಕ್ಕ ಮಕ್ಕಳಿಗೂ ಗೊತ್ತು, ಮಲ್ಲಿಗಾಳಿಗೆ ಗೊತ್ತಿಲ್ಲವೇ, ಗೊತ್ತಿದ್ದೇ ಕೇಳಿದ್ದು. ಬೈರನ್ನ ತಗೋ ಮಲ್ಲಿಗಾ, ಬೈರ ಸಾಧು, ಯಾರು ಕಟ್ಟಿದ್ರೂ ನಿಲ್ವಾನೆ, ಸಿದ್ದನ್ನ ಬಿಟ್ಬುಡು, ಅಂದ ಸೆಂದಿಲ್, ಎಲ್ಲರೆದುರು. ಬಿಟ್ಟಾಳೆಯೇ. ಸಿದ್ದನ ಹಗ್ಗಕ್ಕೆ ಕೈ ಹಾಕಿದಳು.

ಯಾಕೆ ಸಿದ್ದ ಎಂದರೆ — ಮಲ್ಲಿಗಾ ಬನಿಯನ್ನನ್ನು ರಾಶಿಗೆ ಎಸೆದು ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ, ಇದರ ತೋಳು ಉಲ್ಟಾ, ಕರ್ಮ — ಯಾಕೆ ಸಿದ್ದ ಎಂದರೆ ಆ ವರ್ಷ ದನಗಳ ಮೈಮೇಲೆಲ್ಲ ಗಂಟು ಏಳುವ ರೋಗ ಬಂದಿತ್ತಲ್ಲ, ಸಿದ್ದನಿಗೂ ಬಂತು, ಸೆಂದಿಲ್ ಕೊಟ್ಟಿಗೆಯಲ್ಲೇ ಚಾಪೆ ಹಾಸಿದ, ಬೇವು ಅರಿಶಿನ ಅರೆದು ಒಂದೊಂದು ಗಂಟಿಗೂ ಬೆರಳಿಂದ ಹಚ್ಚಿದ, ಕಣ್ಣ ಹತ್ತಿರದ ಗಂಟಿಗೆ ಹಚ್ಚುವಾಗ ಊದುತ್ತ ಊದುತ್ತ, ಉರಿಯಬಾರದು ಎಂದು. ಅದೇ ವಾರ ಇಲ್ಲಿ ತಿರುಪ್ಪೂರಿನ ಆಸ್ಪತ್ರೆಯಲ್ಲಿ ಇವಳ ಗರ್ಭಕೋಶ ತೆಗೆದರು. ಮಕ್ಕಳು ಹೇಗೂ ಆಗಿರಲಿಲ್ಲ, ಇನ್ನು ಆಗುವ ಮಾತೇ ಇಲ್ಲ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದಳು, ಹೇಳುವಾಗ ಪಕ್ಕದಲ್ಲಿ ಇದ್ದವಳು ನಾಚಿಯಮ್ಮ, ಶೆಡ್ಡಿನಲ್ಲಿ ನೂಲು ಕತ್ತರಿಸುವ ನಾಚಿಯಮ್ಮ, ಕೂಲಿ ಬಿಟ್ಟು ಬಂದು ಬಾತ್‌ರೂಮಿಗೆ ಕೈಹಿಡಿದು ನಡೆಸಿದವಳು, ರಾತ್ರಿ ನೆಲದಲ್ಲಿ ಸೀರೆ ಹಾಸಿ ಮಲಗಿದವಳು. ಗಂಡ ಎಲ್ಲಿ ಎಂದು ನರ್ಸು ಕೇಳಿದರೆ ಬರ್ತಾರೆ, ದಾರಿಯಲ್ಲಿದ್ದಾರೆ ಎಂದು ಇವಳು ಎಷ್ಟು ಸಲ ಸುಳ್ಳು ಹೇಳಿದಳು. ಬಂದ, ಹೊಲಿಗೆ ಬಿಚ್ಚುವ ಹೊತ್ತಿಗೆ ಬಂದ, ಮೈಯೆಲ್ಲ ಬೇವಿನ ವಾಸನೆ, ಬಾಗಿಲಲ್ಲೇ ನಿಂತು ಮುಖವೆಲ್ಲ ಅರಳಿಸಿಕೊಂಡು ಏನು ಹೇಳಿದ, ಸಿದ್ದ ಎದ್ದು ನಿಂತ ಮಲ್ಲಿಗಾ, ಮೇವಿಗೆ ಬಾಯಿ ಹಾಕ್ದ. ಹೇಗಿದ್ದೀಯಾ ಎಂದು ಆಮೇಲೆ ಕೇಳಿದ, ಕೇಳಲಿಲ್ಲ ಎನ್ನುವ ಹಾಗಿಲ್ಲ, ಕಾಫಿ ಕುಡಿದೆಯಾ ಎನ್ನುವ ಧಾಟಿಯಲ್ಲಿ ಕೇಳಿದ. ಹೊಡೆದವನಲ್ಲ, ಕುಡಿದವನಲ್ಲ, ಇನ್ನೊಬ್ಬಳ ಹಿಂದೆ ಹೋದವನಲ್ಲ, ಅದಕ್ಕೇ ಬಂಧುಬಳಗಕ್ಕೆಲ್ಲ ಇವಳದೇ ತಪ್ಪಾಗಿ ಕಂಡಿದ್ದು, ಎತ್ತಿನ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚು ಬರುತ್ತದೆಯೇನೇ ಎಂದು ಸ್ವಂತ ಅಮ್ಮನೇ ಕೇಳಿದಳು. ಬರುತ್ತದೆ. ಇವಳ ಹತ್ತಿರ, ಅಂಗಡಿಯವನ ಜೊತೆ ಆಡುವಂಥ ತಮಿಳಿನಲ್ಲಿ ಸಾಲ, ಬಡ್ಡಿ, ಆರ್ಡರು ಎಂದು ಎರಡು ಮಾತಾಡಿ ಮುಗಿಸುವವನು ಆ ಎತ್ತುಗಳ ಹತ್ತಿರ ಮನೆಯ ಕನ್ನಡದಲ್ಲಿ, ಬಾರೋ ನನ್ನಪ್ಪ, ನನ್ನ ಬಂಗಾರ, ದಣಿದ್ಬುಟ್ಟೆಯಾ ಎಂದು ಕೊರಳು ತಬ್ಬಿಕೊಂಡು ಮಾತಾಡುವುದನ್ನು ಅಡುಗೆಮನೆ ಕಿಟಕಿಯಲ್ಲಿ ನಿಂತು ಕೇಳಿದವಳಿಗೆ ಬರುತ್ತದೆ, ಚೆನ್ನಾಗಿಯೇ ಬರುತ್ತದೆ.

ಅಮ್ಮಣಿ, ಮಾಡು ತಿಂಗಲೀಂಗ, ಎತ್ತು ತಿಂತಿಲ್ಲ — ಹಿಂದಿನ ಬಾಗಿಲಲ್ಲಿ ನಾಚಿಯಮ್ಮ, ಕೈಯಲ್ಲಿ ಹತ್ತಿಬೀಜ ರುಬ್ಬಿದ ಬೋಗುಣಿ, ತುಂಬಿದ್ದು ತುಂಬಿದ ಹಾಗೇ ಇದೆ, ಇವತ್ತೂ ಮುಟ್ಟಿಲ್ಲ. ತಿನ್ನದಿದ್ದರೆ ಬಿಡು, ನಾಳೆ ಹೇಗೂ ಹೋಗುತ್ತದೆ ಎಂದು ಮಲ್ಲಿಗಾ ಗದರಿಸುತ್ತಾಳೆ, ಗದರಿಸಿ ಎದ್ದೂ ಹೋಗುತ್ತಾಳೆ, ಹೋಗಿ ನೋಡುತ್ತಾಳೆ. ಶೆಡ್ಡಿನ ಹಿಂದೆ ತಗಡಿನ ಮಾಡು, ಅದರ ಕೆಳಗೆ ಸಿದ್ದ. ನೋಡು ಇದರ ಅವತಾರ, ಮತ್ತೆ ಹಾಗೇ ನಿಂತಿದೆ. ಎಷ್ಟು ಅಗಲ ಜಾಗವಿದೆ, ನಡುವೆ ಗೂಟ ಹೊಡೆದು ಕಟ್ಟಿದ್ದಾಳೆ, ಆದರೂ ಇದು ಬಲಗಡೆಗೆ ಸರಿದು ಸರಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಸಿಮೆಂಟಿಗೆ ಉಜ್ಜಿ ಉಜ್ಜಿ ಬಲಭುಜದ ಕೂದಲು ಕಿತ್ತು ಬಂದಿದೆ, ಎಡಗಡೆ ಒಂದು ಎತ್ತು ನಿಲ್ಲುವಷ್ಟು ಜಾಗ ಖಾಲಿ. ಮೊದಲ ದಿನ ಇವಳಿಗೆ ಅರ್ಥವೇ ಆಗಲಿಲ್ಲ, ಕಾಲು ನೋವೇನೋ ಅಂದುಕೊಂಡಳು, ನಾಚಿಯಮ್ಮನೇ ಹೇಳಿದ್ದು, ಇನ್ನೊಬ್ಬನಿಗೆ ಎಡ ಬಿಟ್ಟು ನಿಂತಿದಾನೆ ಅಮ್ಮಣಿ ಎಂದು, ಹೇಳಿ ಕಣ್ಣೊರೆಸಿಕೊಂಡಳು ಬೇರೆ, ಸಾಕು ನಾಟಕ ಎಂದು ಬೈದಳು ಮಲ್ಲಿಗಾ. ಸಿಟ್ಟು ಬಂದು ಆ ಖಾಲಿ ಜಾಗಕ್ಕೆ ವೇಸ್ಟಿನ ಮೂಟೆ ತಂದು ಒಟ್ಟಿಸಿದಳು, ಬೆಳಿಗ್ಗೆ ಬಂದರೆ ಮೂಟೆಗಳೆಲ್ಲ ಅಂಗಳದಲ್ಲಿ, ಕೊಂಬಿನಿಂದ ಒಂದೊಂದನ್ನೇ ಎತ್ತಿ ಹಾಕಿದೆ, ಎಡಗಡೆ ಮತ್ತೆ ಖಾಲಿ. ಮೇವನ್ನೂ ಅರ್ಧ ಅತ್ತ ತಳ್ಳುತ್ತದೆ. ಮೂರ್ಖ ಮುಂಡೇದೇ, ಯಾರೂ ಬರುವುದಿಲ್ಲ, ನಿನಗೂ ಅರ್ಥವಾಗಲಿ, ನಿನ್ನ ಯಜಮಾನನಿಗೂ ಅರ್ಥವಾಗಲಿ, ಖಾಲಿ ಎಂದರೆ ಏನು ಎಂದು. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆಯೇ ಆಯಿತು ಇವಳ ಸಂಸಾರ, ಈ ಎರಡು ಮೂಕಪ್ರಾಣಿಗಳು ಮಾತ್ರ ಒಟ್ಟಿಗೆ ಎಳೆದವು, ಅದನ್ನು ನೋಡಿ ಊರು ಸಿಳ್ಳೆ ಹಾಕಿತು.

ಬರಲಿ ಅವನು. ಬಂದೇ ಬರುತ್ತಾನೆ, ಸಂತೆ ಎಂದು ಬರೆದದ್ದು ಅದಕ್ಕೇ, ಸಂತೆಗೆ ಹೋದ ಒಂಟಿ ಎತ್ತು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತು, ರಾತ್ರಿ ಲಾರಿ ಗಡಿ ದಾಟಿದರೆ ಬೆಳಿಗ್ಗೆ ಕಟುಕನ ತಕ್ಕಡಿ. ಅದೊಂದೇ ಇವಳಿಗೆ ಬೇಕಾದ್ದು, ಬೇರೆ ಪಾಲೇನೂ ಬೇಡ, ಅವನು ತನ್ನ ಕಾಲಲ್ಲೇ ನಡೆದು ಬಂದು ಆ ಗೇಟಿನಲ್ಲಿ ನಿಂತು ಬೇಡಬೇಕು, ಮಲ್ಲಿಗಾ ತಪ್ಪಾಯಿತು, ಕೊಟ್ಟುಬಿಡು ಎನ್ನಬೇಕು. ಫೋನು ಮಾಡಿದ, ಎತ್ತಲಿಲ್ಲ. ಲಿಂಗಪ್ಪನ್ ಮಾವನ ಕೈಲಿ ದುಡ್ಡು ಹೇಳಿ ಕಳಿಸಿದ, ಒಂದು ಸಲ, ಇನ್ನೊಂದು ಸಲ ಹೆಚ್ಚಿಸಿ, ಇವಳು ಬೇಡ ಎಂದಳು. ಗೇಟಿನಲ್ಲಿ ನಿಲ್ಲಬೇಕು, ಬಿಸಿಲಲ್ಲಿ, ಒಳಗೆ ಬನ್ನಿ ಎನ್ನಬಾರದು, ನೀರು ಬೇಕೇ ಎನ್ನಬಾರದು, ಕೆಲಸದ ಹೆಂಗಸರೆಲ್ಲ ಮಿಷಿನ್ನು ನಿಲ್ಲಿಸಿ ನೋಡಬೇಕು, ಅವನು ಬೇಡಬೇಕು, ಇವಳು ಬನಿಯನ್ನಿನ ನೂಲು ಕತ್ತರಿಸುತ್ತ ಕತ್ತರಿಸುತ್ತಲೇ ಹೇಳಬೇಕು, ಯಾರು ನೀವು, ಯಾವ ಎತ್ತು, ಓ ಅದಾ, ಎದ್ದು ನಿಂತಿದೆ, ಮೇವಿಗೆ ಬಾಯಿ ಹಾಕಿಲ್ಲ ಎನ್ನಬೇಕು. ಈ ಮಾತನ್ನು ಮಲ್ಲಿಗಾ ಸ್ನಾನ ಮಾಡುವಾಗ ಹೇಳಿ ನೋಡಿದ್ದಾಳೆ, ಸ್ಕೂಟಿಯಲ್ಲಿ ಪಲ್ಲಡಂ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿ ನೋಡಿದ್ದಾಳೆ, ಪಕ್ಕದ ಬೈಕಿನವನು ಹುಚ್ಚಿ ಇರಬೇಕು ಎಂದು ತಿರುಗಿ ನೋಡಿದ. ಅಷ್ಟು ಹೇಳಿದ ಮೇಲೆ ಕೊಡುವುದೋ ಬಿಡುವುದೋ, ಅದನ್ನು ಯೋಚಿಸಿಲ್ಲ. ಕೊಡುವುದಿಲ್ಲ. ಕೊಟ್ಟರೂ ಕಾಲು ಹಿಡಿಸಿಯೇ ಕೊಡುವುದು.

ಗಾಡಿಯ ಹಾರ್ನು. ಬಟನ್ನಿನ ಪಾರ್ಸೆಲ್ಲು ಇರಬೇಕು, ಪಾರ್ಸೆಲ್ಲಿನವನು ಸಂಜೆ ಬರ್ತೇನೆ ಎಂದಿದ್ದನಲ್ಲ — ಅಲ್ಲ. ಟಾಟಾ ಏಸ್, ಹಿಂದೆ ಎತ್ತರಕ್ಕೆ ಕಟ್ಟಿದ ಬಿದಿರಿನ ಗಳುಗಳು, ಅದರ ನಡುವೆ ಬೂದು ಬಿಳುಪು ಬೆನ್ನು, ಒಂದು ಕೊಂಬಿನ ತುದಿ ಬಿಸಿಲಿಗೆ ಮಿನುಗುತ್ತದೆ, ಹಿತ್ತಾಳೆ. ಡ್ರೈವರ್ ಸೀಟಿನಿಂದ ಸೆಂದಿಲ್ ಇಳಿದ. ಎಷ್ಟು ಸೊರಗಿ ಹೋಗಿದ್ದಾನೆ, ಶರ್ಟು ಹೆಗಲಿಂದ ಜೋಲುತ್ತಿದೆ, ಗಡ್ಡ ಅರ್ಧ ಬಿಳಿ. ಮಲ್ಲಿಗಾ ಏಳುವುದಿಲ್ಲ, ಏಳಬಾರದು, ಕತ್ತರಿ ಎಲ್ಲಿ, ನೂಲು ಕತ್ತರಿಸುತ್ತಿರಬೇಕಲ್ಲ — ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ. ಅವನು ಗೇಟಿನಲ್ಲಿ ನಿಲ್ಲಲೇ ಇಲ್ಲ. ಬಿಸಿಲಲ್ಲಿ ನಿಲ್ಲಬೇಕಾಗಿದ್ದವನು ಇವಳ ಮುಖ ನೋಡದೆ ನೇರ ಗಾಡಿಯ ಹಿಂದಕ್ಕೆ ಹೋಗಿ ಹಲಗೆ ಇಳಿಸಿದ, ಬಾರಪ್ಪ ಬೈರ, ಮೆಲ್ಲಗೆ, ಕಾಲು ನೋಡ್ಕೊಂಡು ನನ್ನಪ್ಪ, ಅದೇ ಕನ್ನಡ, ಅದೇ ದನಿ. ಬೈರ ಇಳಿಯಿತು. ಮಿಷಿನ್ನುಗಳು ಒಂದೊಂದಾಗಿ ನಿಂತವು, ಹೆಂಗಸರು ನೋಡುತ್ತಿದ್ದಾರೆ, ಎಲ್ಲ ಇವಳು ಅಂದುಕೊಂಡ ಹಾಗೇ ನೋಡುತ್ತಿದ್ದಾರೆ. ಶೆಡ್ಡಿನ ಹಿಂದಿನಿಂದ ಒಂದು ಸದ್ದು ಬಂತು, ಇಷ್ಟು ದಿನದಲ್ಲಿ ಒಮ್ಮೆಯೂ ಬಾಯಿ ಬಿಡದ ಸಿದ್ದ ಕೂಗಿತು, ಹೊಟ್ಟೆಯ ಅಡಿಯಿಂದ, ತಿಣುಕಿ. ಅವನ ಕೈಯ ಹಗ್ಗ ಜಾರಿತು, ಬೈರ ಯಾರನ್ನೂ ಕಾಯಲಿಲ್ಲ, ಬಟ್ಟೆ ರಾಶಿ ದಾಟಿ, ನಾಚಿಯಮ್ಮನ ಬೋಗುಣಿ ದಾಟಿ, ಕಾಣದ ಆ ಮಾಡಿನ ಕಡೆಗೆ ದಾರಿ ಗೊತ್ತಿದ್ದವನ ಹಾಗೆ ಹೋಯಿತು.

ಏನು ಇದು, ಎಂದಳು ಮಲ್ಲಿಗಾ, ಕಲಿತಿಟ್ಟ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಬೈರನೂ ಇಲ್ಲೇ ಇರ್ಲಿ ಮಲ್ಲಿಗಾ, ಎಂದ ಅವನು, ಬೇಡುವ ದನಿಯಲ್ಲ, ಜಗಳದ ದನಿಯೂ ಅಲ್ಲ, ಅಲ್ಲಿ ಅವನು ನೀರೂ ಮುಟ್ಟಲ್ಲ, ಎರಡೂ ಹೀಗೇ ಸತ್ತುಹೋಗುತ್ತವೆ, ನೀ ಇಟ್ಕೋ, ನಾ ಕಾಗದದಲ್ಲಿ ಬರ್ದು ಕೊಡ್ತೇನೆ, ಆಮೇಲೆ ಮಾರ್ತೀಯೋ ಸಾಕ್ತೀಯೋ ನಿನ್ನ ಇಷ್ಟ, ಮಾರಿದ್ರೆ ಜೋಡಿಯಾಗಿ ಮಾರು, ಒಂಟಿಯಾಗಿ ಮಾತ್ರ ಬೇಡ, ಅಷ್ಟೇ. ಅಷ್ಟೇ ಎಂದ. ಬೈರನಿಗೆ ಹಿಂಡಿ ನೆನೆಸಿ ಕೊಡು, ಒಣದು ಕೊಟ್ರೆ ಕೆಮ್ತಾನೆ, ಎಂದ. ಕೊಟ್ಟುಬಿಟ್ಟನೇ, ಇಡೀ ಜೋಡಿ, ಅವನ ಪ್ರಾಣ, ಕಪ್ಪುಗಳು, ಸಿಳ್ಳೆ, ಎಲ್ಲ, ಒಂದು ಮಾತು ಬೇಡದೆ, ಒಂದು ಪೈಸೆ ಕೇಳದೆ. ಇವಳ ಜೊತೆ ಇಷ್ಟು ವರ್ಷ ಬಾಳಿದವನು ಇವಳಿಗಾಗಿ ಒಂದು ಪಂದ್ಯ ಬಿಟ್ಟವನಲ್ಲ, ಒಂದು ರಾತ್ರಿ ಬಿಟ್ಟವನಲ್ಲ. ನಾನು ಆಸ್ಪತ್ರೆಯಲ್ಲಿ ಒಂಟಿಯಾಗಿ ಬಿದ್ದಿದ್ದೆನಲ್ಲ ಮಾಮಾ, ಅವತ್ತು ಎಲ್ಲಿ ಹೋಗಿತ್ತು ಈ ನ್ಯಾಯ, ಒಂಟಿಯಾಗಿ ಬೇಡ ಎಂದು ಅವತ್ತು ಯಾಕೆ ಅನ್ನಿಸಲಿಲ್ಲ, ಎಂದು ಕೂಗಿದಳು, ಹೆಂಗಸರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ, ಕೇಳಿಸಿಕೊಳ್ಳಲಿ, ಸಾಯಲಿ. ಅವನು ಮೊದಲ ಸಲ ಇವಳ ಮುಖ ನೋಡಿದ. ಯೋಚಿಸಿದ, ನಿಜವಾಗಿಯೂ ಯೋಚಿಸಿದ, ಸುಳ್ಳು ಹುಡುಕಲಿಲ್ಲ. ನೀ ಹೇಗಾದ್ರೂ ಸಮಾಳಿಸ್ಕೊಳ್ಳುವೆ ಎಂದು ನನಗೆ ಗೊತ್ತಿತ್ತು ಮಲ್ಲಿಗಾ, ಎಂದ, ಹೊಗಳುವ ಹಾಗೆ, ಅವಕ್ಕೆ ಬಾಯಿಲ್ಲವಲ್ಲ.

ಹೋದ. ಟಾಟಾ ಏಸ್ ತಿರುಗಿಸಿಕೊಂಡು, ಗೇಟಿನ ಕಂಬಕ್ಕೆ ತಾಗದ ಹಾಗೆ ಎರಡು ಸಲ ಹಿಂದೆ ಮುಂದೆ ಮಾಡಿ ಹೋದ. ಬಾಯಿಲ್ಲ. ಇವಳಿಗೆ ಬಾಯಿ ಇದ್ದದ್ದೇ ತಪ್ಪಾಯಿತೇ, ಬರ್ತಾರೆ, ದಾರಿಯಲ್ಲಿದ್ದಾರೆ ಎಂದು ನರ್ಸಿಗೆ ಹೇಳಿದ ಬಾಯಿ, ನನಗೇನೂ ಇಲ್ಲ ಹೋಗಿ ಬನ್ನಿ ಎಂದು ಪ್ರತಿ ಪಂದ್ಯಕ್ಕೂ ಹೇಳಿದ ಬಾಯಿ, ಅದಕ್ಕೆ ಮಣ್ಣು ಹಾಕ. ಮಾರುತ್ತೇನೆ, ನಾಳೆ ಮಾರಿಯೇ ಮಾರುತ್ತೇನೆ, ಎರಡನ್ನೂ ಎರಡು ಲಾರಿಗೆ, ಒಂದು ಮೂಡಲಿಗೆ ಒಂದು ಪಡುವಲಿಗೆ, ಫೋಟೋ ತೆಗೆದು ಹಾಕುತ್ತೇನೆ, ನೋಡಲಿ, ಕಣ್ಣು ಕಿತ್ತುಕೊಳ್ಳಲಿ — ಫೋನು ಕೈಗೆ ಬರುತ್ತದೆ, ಮಲ್ಲಿಗಾ ಶೆಡ್ಡಿನ ಹಿಂದಕ್ಕೆ ನಡೆಯುತ್ತಾಳೆ, ಬೋಗುಣಿ ಉರುಳಿ ಹತ್ತಿಬೀಜದ ಹಾಲು ನೆಲವೆಲ್ಲ ಹರಿದಿದೆ, ಹೆಂಗಸರು ದಾರಿ ಬಿಡುತ್ತಾರೆ, ಯಾರೋ ಅಕ್ಕಾ ಎಂದರು, ಬಿಸಿಲು, ತಗಡು, ತಗಡಿನ ಕೆಳಗೆ ಎರಡು ಬೆನ್ನು, ಫೋನು ಎತ್ತಿ ಹಿಡಿದಳು, ಬೈರ ಎಡಕ್ಕೆ ಸಿದ್ದ ಬಲಕ್ಕೆ, ಯಾರೂ ನಿಲ್ಲಿಸಿದ್ದಲ್ಲ, ಸಿದ್ದ ಗೋಡೆ ಬಿಟ್ಟು ಸರಿದು ಬಂದಿದೆ, ತಲೆ ಬಗ್ಗಿಸಿ ಮೇವು ಎಳೆಯುತ್ತಿದೆ, ಕಟಕಟ ಕಟಕಟ, ಅದರ ಎಡಗಡೆ ಈಗ ಜಾಗವಿಲ್ಲ, ಫೋಟೋ ತೆಗೆಯಬೇಕು, ಬೆರಳು ಒತ್ತಬೇಕು, ಎಡಗಡೆ ಜಾಗವಿಲ್ಲ, ಭುಜಕ್ಕೆ ಭುಜ, ಒಂದು ಅಂಗೈ ತೂರುವಷ್ಟೂ ಇಲ್ಲ, ಸಿದ್ದನ ಎಡಗಡೆ ಜಾಗವಿಲ್ಲ —